ತೂಬು ತೆಗೆದವಳು

ಹಿತ್ತಿಲ ಬಾಗಿಲಿಂದ ಒಳಗೆ ಬಂದ ಮಾರಕ್ಕ ಮೊದಲು ಮಾಡಿದ ಕೆಲಸವೆಂದರೆ, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕೀಲಿಯನ್ನು ತೆಗೆದು ದೇವರ ಪಟದ ಪಕ್ಕದ ಮೊಳೆಗೆ ನೇತುಹಾಕಿದ್ದು. ಎರಡು ಸಲ ಮೊಳೆ ತಪ್ಪಿತು. ಮೂರನೆಯ ಸಲ ಕೀಲಿ ನಿಂತಿತು. ಸೀರೆಯಿಂದ ಸುರಿದ ನೀರು ನಡುಮನೆಯ ನೆಲದ ಮೇಲೆ ಹರಿದು ಹೊಸಿಲಿನವರೆಗೂ ಹೋಗಿತ್ತು. ಅದನ್ನು ಒರೆಸಬೇಕೆಂದು ಬಗ್ಗುವಷ್ಟರಲ್ಲಿ ಮುಂಬಾಗಿಲಲ್ಲಿ ಕೊಡೆ ಮಡಚುವ ಸದ್ದಾಯಿತು. ಸೊಸೆ ಮಹಾದೇವಿ ಬಂದಿದ್ದಳು.

“ಅತ್ತಿ, ಈ ಮಳ್ಯಾಗ ಎಲ್ಲಿ ಹೋಗಿದ್ರಿ? ಇಷ್ಟ್ಯಾಕ ತೊಯ್ದೀರಿ?”

“ಕರ ಬಿಚ್ಕೊಂಡಿತ್ತು. ಕಟ್ಟಾಕಕ್ಕೆ ಓಗಿದ್ದೆ.”

ಮಹಾದೇವಿ ತಿರುಗಿ ನೋಡಿದಳು. ಜಗಲಿಯ ಮೂಲೆಯಲ್ಲಿ ಕರು ಬೆಳಿಗ್ಗೆ ಕಟ್ಟಿದ ಹಾಗೆಯೇ ಮಲಗಿತ್ತು. ಅದರ ಮೈಮೇಲೆ ಒಂದು ಹನಿ ನೀರಿರಲಿಲ್ಲ. ಒಣಗಿದ ಟವಲ್ಲೊಂದನ್ನು ತಂದು ಅತ್ತೆಯ ಹೆಗಲ ಮೇಲೆ ಹೊದಿಸಿ ಒಲೆಯ ಕಡೆಗೆ ಹೋದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು… ಆ ಟವಲ್ಲು ಮಾರಕ್ಕನ ಹೆಗಲನ್ನು ಸುಡತೊಡಗಿತು.

ಸೀಗೇಪಾಳ್ಯ ಎಲೆಕ್ಟ್ರಾನಿಕ್ ಸಿಟಿಗೂ ಆನೇಕಲ್ಲಿಗೂ ನಡುವಿನ ಊರು. ಅಲ್ಲಿನ ಕೆರೆಗೆ ನಾಲ್ಕು ತಲೆಮಾರಿನಿಂದ ನೀರಗಂಟಿಗಳು ಮಾರಕ್ಕನ ಗಂಡ ವೆಂಕಟಪ್ಪನ ಮನೆಯವರು. ತೂಬು ತೆಗೆಯುವುದು, ಮುಚ್ಚುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ಹೇಳುವುದು ಅವರ ಕೆಲಸ. ಜಗಳ ಬಂದರೆ ನೀರಗಂಟಿಯ ಮಾತೇ ಕೊನೆ. ಆದರೆ ಕೆರೆಗೆ ನೀರು ತರುತ್ತಿದ್ದ ಕಾಲುವೆಗಳ ಮೇಲೆ ಕಾರ್ಖಾನೆ, ಲೇಔಟುಗಳು ಎದ್ದಮೇಲೆ ಹರಿದು ಬರುತ್ತಿದ್ದುದು ನೊರೆಯ ನೀರು ಮಾತ್ರ. ಇಪ್ಪತ್ತೆರಡು ವರ್ಷದ ಹಿಂದೆ ಊರವರೇ ಕೂತು ಮಾತಾಡಿ, ಇದ್ದ ನೀರನ್ನು ಹೊರಗೆ ಬಿಟ್ಟು ಕೆರೆಯನ್ನು ಬರಿದು ಮಾಡಿದರು. ಅಂದು ತೂಬು ತೆಗೆದವನೂ ವೆಂಕಟಪ್ಪನೇ. ಆ ದಿನ ಅವನು ಊಟ ಮಾಡಲಿಲ್ಲ. ಆಮೇಲೆ ಒಣಗಿದ ಕೆರೆಯಂಗಳವನ್ನು ಹನ್ನೊಂದು ಮನೆಯವರು ಹಂಚಿಕೊಂಡು ಉತ್ತರು. ಕೆರೆಯ ತಳದ ಕಪ್ಪು ಗೋಡು ಮಣ್ಣು, ಏನು ಹಾಕಿದರೂ ಎದ್ದು ಬರುತ್ತಿತ್ತು. ಕೊತ್ತಂಬರಿ, ಪಾಲಕ್, ಸೇವಂತಿಗೆ, ಚೆಂಡುಹೂವು… ಮಗ ರಾಜೇಂದ್ರನನ್ನು ಓದಿಸಿದ್ದು, ಮನೆಗೆ ಮೋಲ್ಡ್ ಚಾವಣಿ ಹಾಕಿಸಿದ್ದು ಎಲ್ಲವೂ ಆ ಮಣ್ಣೇ.

ಈಚೆಗೆ ಮಳೆಯ ದಾರಿ ತಪ್ಪಿತ್ತು. ಪುಬ್ಬೆ, ಉತ್ತರೆ, ಹಸ್ತ ಎಂದು ವೆಂಕಟಪ್ಪ ಬೆರಳು ಮಡಿಸಿ ಹೇಳುತ್ತಿದ್ದ ಮಳೆಗಳು ಬಾರದೆಯೇ ಹೋಗುತ್ತಿದ್ದವು. ಬಂದರೆ ಒಂದು ತಿಂಗಳ ಮಳೆ ಒಂದೇ ಮಧ್ಯಾಹ್ನದಲ್ಲಿ ಸುರಿದುಬಿಡುತ್ತಿತ್ತು. ಬೇಸಿಗೆಯಲ್ಲಿ ಊರಿನ ಬೋರ್‌ವೆಲ್ಲುಗಳು ಒಂದೊಂದೇ ಬತ್ತಿದವು. ಕೊನೆಗೆ ಸರ್ಕಾರದವರು ಬಂದು ಕೆರೆಯನ್ನು ಮತ್ತೆ ತುಂಬಿಸಬೇಕು ಎಂದರು. ತೂಬಿಗೆ ಹೊಸ ಕಬ್ಬಿಣದ ಗೇಟು ಬಂತು. ಅದನ್ನು ಎತ್ತಿ ಇಳಿಸಲು ಏರಿಯ ಮೇಲೊಂದು ಚಕ್ರ, ಚಕ್ರಕ್ಕೆ ಸರಪಳಿ, ಸರಪಳಿಗೆ ಬೀಗ. ಅಂಗಳದಲ್ಲಿ ಉಳುವ ಹನ್ನೊಂದು ಮನೆಯವರು ದೀಪಾವಳಿಯೊಳಗೆ ಕೊನೆಯ ಬೆಳೆ ತೆಗೆದು ಜಾಗ ಬಿಟ್ಟರೆ, ಏರಿಯಾಚೆಯ ಗೋಮಾಳದಲ್ಲಿ ಹನಿ ನೀರಾವರಿ ಹಾಕಿ ಗುಂಪು ಬೇಸಾಯಕ್ಕೆ ಭೂಮಿ ಕೊಡುವುದೆಂದು ಮಾತಾಯಿತು. ಕೀಲಿಯನ್ನು ಹಳೆಯ ನೀರಗಂಟಿಯ ಕೈಗೇ ಕೊಟ್ಟರು. ಅಂದು ವೆಂಕಟಪ್ಪ ಆ ಕೀಲಿಗೆ ಅರಿಶಿನ ಕುಂಕುಮ ಇಟ್ಟಿದ್ದ.

ಏರಿಯ ಕೆಳಗೆ ಕಾಲುವೆಯ ಪಕ್ಕದಲ್ಲಿ ತಗಡಿನ ಶೆಡ್ಡುಗಳ ಸಾಲು. ಉತ್ತರ ಕರ್ನಾಟಕದಿಂದ ಕಟ್ಟಡದ ಕೆಲಸಕ್ಕೆ ಬಂದವರು ಅಲ್ಲಿ ಬಾಡಿಗೆಗಿದ್ದರು. ಮಹಾದೇವಿಯ ಅಪ್ಪ ಮುದಕಪ್ಪನದೂ ಅಲ್ಲೊಂದು ಶೆಡ್ಡು. ರೋಣದ ಕಡೆಯವನು, ಕಾಂಕ್ರೀಟಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸದಲ್ಲಿ ಪಳಗಿದ ಕೈ, ಹೆಂಡತಿ ಸತ್ತಮೇಲೆ ಮಗಳೊಬ್ಬಳನ್ನು ಸಾಕಿಕೊಂಡು ಬದುಕಿದವನು. ಹೂ ಬಿಡಿಸುವ ಕೂಲಿಗೆ ಬರುತ್ತಿದ್ದ ಮಹಾದೇವಿಯನ್ನು ರಾಜೇಂದ್ರ ಮೆಚ್ಚಿ, ಅಮ್ಮನ ಮಾತು ಮೀರಿ ಮದುವೆಯಾಗಿ ಎರಡು ವರ್ಷವಾಗಿತ್ತು. ಮಾರಕ್ಕ ಅದನ್ನು ನುಂಗಿಕೊಂಡಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ “ಶೆಡ್ಡಿನ ಕೈ” ಎನ್ನುತ್ತಿದ್ದಳು. ಬೀಗರು ಹಬ್ಬಕ್ಕೆ ಬಂದರೂ ಜಗಲಿಯಿಂದ ಒಳಗೆ ಕರೆಯುತ್ತಿರಲಿಲ್ಲ. ಮುದಕಪ್ಪ ಅದಕ್ಕೂ ನಗುತ್ತಿದ್ದ. “ಇಲ್ಲೇ ಗಾಳಿ ಚಲೋ ಬರ್ತೈತ್ರಿ ಅಕ್ಕಾರ,” ಎನ್ನುತ್ತಿದ್ದ.

ಮಾರಕ್ಕ ತೊಯ್ದು ಬಂದ ಆ ದಿನ, ಆಯುಧಪೂಜೆಗೆ ಇನ್ನೆರಡು ದಿನವಿತ್ತು. ಜಿಗಣಿ, ಬೊಮ್ಮಸಂದ್ರದ ಕಾರ್ಖಾನೆಗಳಿಗೆಲ್ಲ ಹೂ ಬೇಕಾದ ಕಾಲ. ಅಂಗಳದ ತುಂಬ ಚೆಂಡುಹೂ ಅರಳಿ ನಿಂತಿತ್ತು. ಅದೇ ಕೊನೆಯ ಬೆಳೆ. ರಾಜೇಂದ್ರ ಕಾರ್ಖಾನೆಯ ಪಾಳಿಗೆ ಹೋಗಿದ್ದ. ವೆಂಕಟಪ್ಪ ಗೋಮಾಳದ ಭೂಮಿ ಸಿಗುವವರ ಪಟ್ಟಿಯ ವಿಚಾರಕ್ಕೆ ಆನೇಕಲ್ಲಿಗೆ ಹೋಗಿದ್ದ. ಮಹಾದೇವಿ ಅಪ್ಪನಿಗೆ ರೊಟ್ಟಿ ಕೊಟ್ಟು ಬರಲು ಶೆಡ್ಡಿಗೆ ಹೋಗಿದ್ದಳು. ಮಧ್ಯಾಹ್ನ ಒಂದು ಗಂಟೆಗೆ ಶುರುವಾದ ಮಳೆ ಆಕಾಶ ಹರಿದಂತೆ ಸುರಿಯಿತು. ಎರಡು ಗಂಟೆಗೆ ಕೆರೆಯ ನೀರು ಹೂವಿನ ಮೊದಲ ಸಾಲಿಗೆ ಬಂತು. ಆಮೇಲೆ ಎರಡನೆಯ ಸಾಲಿಗೆ. ಆಗ ವೆಂಕಟಪ್ಪನ ಫೋನು ಬಂದಿತ್ತು.

“ಊವು ಓದ್ರೆ ಓಗ್ಲಿ. ನಾನು ಬರೋಗಂಟ ತೂಬು ಮುಟ್ಬೇಡ. ಕೆಳಗೆ ಜನ ಅವ್ರೆ.”

“ಊಂ,” ಎಂದಿದ್ದಳು ಮಾರಕ್ಕ. ನೀರು ಐದನೆಯ ಸಾಲಿಗೆ ಬಂದಾಗ ಅವಳು ಕೀಲಿ ತೆಗೆದುಕೊಂಡು ಏರಿಯ ಕಡೆಗೆ ಓಡಿದಳು.

ಎರಡು ಸುತ್ತು ಸಾಕು ಎಂದುಕೊಂಡಿದ್ದಳು. ಮೂವತ್ತೈದು ವರ್ಷ ಗಂಡನ ಕೈ ನೋಡಿದವಳು, ನನಗೆ ಗೊತ್ತಿಲ್ಲವೇ ಎಂಬ ಧೈರ್ಯ. ಎರಡು ಸುತ್ತಿಗೆ ನೀರು ಇಳಿದಂತೆ ಕಾಣಲಿಲ್ಲ. ನಾಲ್ಕು ತಿರುಗಿಸಿದಳು, ಆರು ತಿರುಗಿಸಿದಳು… ಎಂಟನೆಯ ಸುತ್ತಿಗೆ ಕಾಲ ಕೆಳಗಿನ ಕಲ್ಲೇ ಅದುರಿತು. ಏರಿಯ ಆಚೆ ನೀರು ಗೂಳಿಯ ಹಾಗೆ ಹೊರಗೆ ನುಗ್ಗಿತು. ಹೆದರಿ ಚಕ್ರವನ್ನು ಹಿಂದಕ್ಕೆ ತಿರುಗಿಸಲು ಹೋದಳು, ತಿರುಗಲಿಲ್ಲ. ಮೈಭಾರವನ್ನೆಲ್ಲ ಹಾಕಿದಳು, ಆಗಲಿಲ್ಲ. ಒಮ್ಮೆ ಕೆಳಗೆ ಶೆಡ್ಡುಗಳ ಕಡೆ ನೋಡಿದಳು. ಕೂಗಬೇಕಿತ್ತು. ಓಡಿಹೋಗಿ ಬಾಗಿಲು ಬಡಿಯಬೇಕಿತ್ತು. ಅವಳು ಬೀಗವನ್ನು ಅಲ್ಲೇ ಬಿಟ್ಟು, ಕೀಲಿ ಸಿಕ್ಕಿಸಿಕೊಂಡು, ಮನೆಯ ಕಡೆಗೆ ಓಡಿದಳು.

ಸುದ್ದಿ ಬಂದದ್ದು ನಾಲ್ಕು ಗಂಟೆಗೆ. ಶೆಡ್ಡುಗಳಲ್ಲಿ ಎದೆಮಟ್ಟ ನೀರು. ಜನ ಮಕ್ಕಳನ್ನು ಹೆಗಲ ಮೇಲೆ ಹೊತ್ತು ರಸ್ತೆಗೆ ಹತ್ತಿ ಜೀವ ಉಳಿಸಿಕೊಂಡಿದ್ದರು. ಅಕ್ಕಿ, ಜೋಳ, ಬಟ್ಟೆ, ಕಾಗದಪತ್ರ ಒಂದೂ ಉಳಿದಿರಲಿಲ್ಲ. ಜೊತೆಗೆ ಇನ್ನೊಂದು ಸುದ್ದಿ. ತೂಬಿನ ಚಕ್ರದ ಹತ್ತಿರ ಮುದಕಪ್ಪ ಸಿಕ್ಕಿದ್ದ. ಹಾರೆಯನ್ನು ಚಕ್ರಕ್ಕೆ ಕೊಟ್ಟು ಒತ್ತುವಾಗ ಅದು ಜಾರಿ, ಅವನ ಬಲಗೈ ಚಕ್ರಕ್ಕೂ ಕಲ್ಲಿಗೂ ನಡುವೆ ನುಜ್ಜಾಗಿತ್ತು.

ಗೇಟು ಮುಕ್ಕಾಲು ಮುಚ್ಚಿತ್ತು. ಆದರೆ ಯಾರೂ ಅದನ್ನು ನೋಡಲಿಲ್ಲ. ಜನ ನೋಡಿದ್ದು ತೆರೆದ ಬೀಗವನ್ನು, ಚಕ್ರದ ಮೇಲಿದ್ದ ಅವನ ಕೈಯನ್ನು. ಶೆಡ್ಡಿನವರ ಮುಂದಾಳು ಪರಮಾನಂದ ಆಸ್ಪತ್ರೆಯ ಮುಂದೆಯೇ ಉಗಿದ.

“ಮಗಳ ಮನಿ ಹೂವಿನ ಸಲುವಾಗಿ ನಮ್ಮನ್ನೆಲ್ಲ ಮುಳುಗಿಸಿದ್ಯೇನೋ ಮುದಕಪ್ಪಾ? ಒಂದ ಊರಿನ ಅನ್ನ ಉಂಡಾವ ನೀನು!”

ಮುದಕಪ್ಪ ನುಜ್ಜಾದ ಕೈಯನ್ನು ಎದೆಗೆ ಒತ್ತಿಕೊಂಡು ಒಳಗೆ ನಡೆದ. ಮೂರು ಬೆರಳು ತೆಗೆಯಬೇಕೆಂದು ಡಾಕ್ಟರು ಹೇಳಿದಾಗಲೂ ಅವನು ತಲೆಯಾಡಿಸಿದ್ದಷ್ಟೆ.

ಅಂದು ಸಂಜೆ ಮಾರಕ್ಕನ ಮನೆಯಲ್ಲಿ ದೀಪ ಹಚ್ಚುವ ಮನಸ್ಸು ಯಾರಿಗೂ ಇರಲಿಲ್ಲ. ವೆಂಕಟಪ್ಪ ಮೊಳೆಯ ಮುಂದೆ ನಿಂತು ಕೀಲಿಯನ್ನೇ ನೋಡುತ್ತಿದ್ದ.

“ನೀನು ಮನೇಲೇ ಇದ್ದೆ ತಾನೇ ಮಾರಿ?”

“ಒಳಗೆ ಮಲ್ಗಿದ್ದೆ. ನಾನು ಕಾಣೆ.”

ರಾಜೇಂದ್ರ ಹೆಂಡತಿಯ ಕಡೆ ತಿರುಗಿದ. ಅವನ ದನಿ ಸಣ್ಣಗಿತ್ತು. “ಮಾದೇವಿ, ನಿಜ ಹೇಳು. ಮಧ್ಯಾಹ್ನ ಬುತ್ತಿ ಜೊತೆ ಕೀಲಿನೂ ಕೊಟ್ಟ್ಯಾ? ನಮ್ಮನೆಗೆ ಒಳ್ಳೇದಾಗ್ಲಿ ಅಂತಾನೇ ಕೊಟ್ಟಿರ್ಬೋದು. ಆದ್ರೂ… ಅಷ್ಟು ಜನ ಕಣೆ.”

ಮಹಾದೇವಿ ಗಂಡನನ್ನು ನೋಡಲಿಲ್ಲ. ಅತ್ತೆಯ ಮುಖವನ್ನು ಒಮ್ಮೆ ನೋಡಿದಳು. ಮಾರಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ನೆಲ ನೋಡಿದಳು. ‘ಈಗ ಹೇಳು, ಈಗಲೇ ಹೇಳಿಬಿಡು’ ಎಂದು ಎದೆ ಬಡಿದುಕೊಳ್ಳುತ್ತಿತ್ತು. ಮಹಾದೇವಿ ಎರಡು ಸೀರೆಯನ್ನು ಚೀಲಕ್ಕೆ ತುಂಬಿಕೊಂಡು ಆಸ್ಪತ್ರೆಗೆಂದು ಹೊರಟಳು. ಹೊಸಿಲು ದಾಟುವಾಗ ಹೇಳಿದ್ದು ಒಂದೇ ಮಾತು: “ನಾ ಕೊಟ್ಟಿಲ್ಲ.”

ಹೂ ಉಳಿದಿತ್ತು. ಎಲ್ಲಕ್ಕಿಂತ ಹೊಲಸಾದ ಸಂಗತಿ ಅದೇ. ಆಯುಧಪೂಜೆಯ ಮುನ್ನಾದಿನ ಬೆಳಗಾಗುತ್ತಲೇ ಟೆಂಪೋ ಬಂತು. ಮಾರಕ್ಕ ತಾನೇ ನಿಂತು ಬುಟ್ಟಿ ಬುಟ್ಟಿ ಚೆಂಡುಹೂ ತುಂಬಿಸಿದಳು. ಕೆಳಗೆ ರಸ್ತೆಯ ಬದಿಯಲ್ಲಿ ಶೆಡ್ಡಿನ ಹೆಂಗಸರು ಕೆಸರಾದ ಕೌದಿಗಳನ್ನು ಬಡಿದು ಬಡಿದು ಒಗೆಯುತ್ತಿದ್ದರು. ಟೆಂಪೋ ಅವರ ನಡುವೆಯೇ ಹಾದುಹೋಯಿತು. ಒಬ್ಬಳೂ ತಲೆಯೆತ್ತಲಿಲ್ಲ.

ಎಂಟನೆಯ ದಿನ ಮುದಕಪ್ಪನನ್ನು ಆಸ್ಪತ್ರೆಯಿಂದ ಕಳಿಸಿದರು. ಅವನ ಶೆಡ್ಡಿನ ಬಾಗಿಲಿಗೆ ಯಾರೋ ಸಗಣಿ ಬಳಿದಿದ್ದರು. ಮರುದಿನ ಶಾಲೆಯ ಮೈದಾನದಲ್ಲಿ ಅಧಿಕಾರಿಗಳ ಮುಂದೆ ವಿಚಾರಣೆ ಎಂದು ಗೊತ್ತಾಗಿತ್ತು. ಸೊಸೆಯನ್ನು ಕರೆದು ತರುತ್ತೇನೆಂದು ಮನೆಯಲ್ಲಿ ಹೇಳಿ ಮಾರಕ್ಕ ಮೊದಲ ಸಲ ಆ ಸಾಲಿಗೆ ಹೋದಳು. ಮಹಾದೇವಿ ನೀರಿಗೆ ಹೋಗಿದ್ದಳು. ಮುದಕಪ್ಪ ಗೋಡೆಗೊರಗಿ ಕೂತಿದ್ದ. ಬಟ್ಟೆ ಸುತ್ತಿದ ಕೈ ತೊಡೆಯ ಮೇಲಿತ್ತು. ಬೀಗಿತಿಯನ್ನು ಕಂಡವನೇ ಏಳಲು ಹೋದ.

“ಕೂತ್ಕಳಿ, ಕೂತ್ಕಳಿ,” ಎಂದಳು ಮಾರಕ್ಕ. ತಾನು ಬಾಗಿಲಲ್ಲೇ ನಿಂತಳು.

ಮುದಕಪ್ಪನೇ ಮಾತೆತ್ತಿದ. “ನಾ ನೋಡೀನ್ರಿ ಅಕ್ಕಾರ. ನೀವು ಏರಿ ಇಳಿದು ಓಡೂದ ನೋಡೀನಿ. ಮಂದೀಗೆ ಏಳ್ರೀ ಅಂತ ಒದರಿ, ಮ್ಯಾಲೆ ಓಡಿ ಹೋದೆ. ಕೈ ಇನ್ನೊಂದೀಟು ಗಟ್ಟಿ ಹಿಡಿದಿದ್ರ ಪೂರಾ ಮುಚ್ತಿತ್ತು.”

ಮಾರಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಮಗಳಿಗೂ ಗೊತ್ತೈತಿ. ನಾ ಹೇಳಿಲ್ಲ, ಆಕೀನ ತಿಳ್ಕೊಂಡಾಳ. ಸುಮ್ಕಿರು ಅಂದೀನಿ. ನಾಳೆ ನಾನ ತಗದೆ ಅಂತ ಹೇಳ್ತೀನಿ. ನಮ್ಮ ಬೀಗರದು ನೀರಗಂಟಿ ಮನಿತನ, ಹೆಸರು ಹೋಗಬಾರದು. ಗೋಮಾಳದ ಪಟ್ಟ್ಯಾಗ ನಿಮ್ಮ ಹೆಸರೂ ಉಳೀತೈತಿ. ನಾ ಊರಿಗೆ ಹೋಗಿಬಿಡ್ತೀನಿ. ಒಂದ ಮಾತ್ರಿ… ಮಹಾದೇವೀನ ಮನೀಗೆ ಕರ್ಕೊಂಡು ಹೋಗ್ರಿ. ಆಕಿ ಮ್ಯಾಲೆ ಕಳ್ಳಿ ಅನ್ನೂ ಮಾತು ಬ್ಯಾಡ.”

ಆಗ ಮಾರಕ್ಕನ ಎದೆಯಲ್ಲಿ ಮೊದಲು ಎದ್ದದ್ದು ದುಃಖವಲ್ಲ, ಸಮಾಧಾನ. ಬಿಗಿದು ಕಟ್ಟಿದ್ದ ಹಗ್ಗ ಸಡಿಲವಾದಂಥ ಸಮಾಧಾನ… ತಾನು ಉಳಿದೆ ಎಂಬ ಸಮಾಧಾನ. ತಲೆಯಾಡಿಸಿ ಹೊರಗೆ ಬಂದಳು. ನಾಲ್ಕು ಹೆಜ್ಜೆ ನಡೆದ ಮೇಲೆ ಅದು ಅವಳಿಗೇ ತಿಳಿಯಿತು. ಒಬ್ಬ ಮನುಷ್ಯ ತನಗಾಗಿ ಬೆರಳು ಕಳೆದುಕೊಂಡು, ಮಾನವನ್ನೂ ಕೊಡಲು ಕೂತಿದ್ದಾನೆ. ತಾನು ಒಳಗೊಳಗೇ ಹಗುರಾಗಿದ್ದೇನೆ. ಕಾಲುವೆಯ ಬದಿಯಲ್ಲಿ ಅವಳು ಕುಕ್ಕರಿಸಿದಳು. ಅಳು ಬಂದಿದ್ದರೆ ಚೆನ್ನಾಗಿತ್ತು. ಬರಲಿಲ್ಲ.

ಮರುದಿನ ಬೆಳಿಗ್ಗೆ ಮೈದಾನದಲ್ಲಿ ಊರೆಲ್ಲ ಸೇರಿತ್ತು. ಒಂದು ಕಡೆ ಪಾಳ್ಯದವರು, ಇನ್ನೊಂದು ಕಡೆ ಶೆಡ್ಡಿನವರು. ತಾಲ್ಲೂಕಿನಿಂದ ಬಂದ ಅಧಿಕಾರಿ ಮೇಡಂ ಮೊದಲು ವೆಂಕಟಪ್ಪನನ್ನು ಕರೆದರು.

“ಕೀಲಿ ನಿಮ್ಮ ವಶದಲ್ಲಿತ್ತಲ್ವಾ?”

“ಊಂ ಮೇಡಂ. ಯಾರೇ ತೆಗ್ದಿರ್ಲಿ, ಕೀಲಿ ನಮ್ಮನೇದು. ತಪ್ಪು ನಂದೇ.”

ಆಮೇಲೆ ಮುದಕಪ್ಪನನ್ನು ಕರೆದರು. ಅವನು ಎದ್ದು ನಿಂತು, ಯಾರ ಮುಖವನ್ನೂ ನೋಡದೆ, ಪಾಠ ಒಪ್ಪಿಸುವ ಹುಡುಗನಂತೆ ಹೇಳಿದ: “ನಾನ ತಗದೀನ್ರಿ. ಕೀಲಿ ಮಗಳು ಕೊಟ್ಟಿಲ್ಲ. ಮೊಳಿಗೆ ಇತ್ತು, ನಾನ ತಗೊಂಡೆ. ಮತ್ತ ಅಲ್ಲೇ ಹಾಕಿದೆ.”

ಶೆಡ್ಡಿನ ಕಡೆಯಿಂದ ಬೈಗುಳ ಎದ್ದಿತು. ಮಹಾದೇವಿ ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದಳು. ನುಜ್ಜಾದ ಕೈಯವನು ಕೀಲಿಯನ್ನು ಮತ್ತೆ ಮೊಳೆಗೆ ಹೇಗೆ ಹಾಕಿದ ಎಂದು ಒಬ್ಬರೂ ಕೇಳಲಿಲ್ಲ. ಕೇಳಲು ಯಾರಿಗೂ ಬೇಕಿರಲಿಲ್ಲ. ಗುಮಾಸ್ತ ಹೇಳಿಕೆ ಬರೆದು ಮುಗಿಸಿ, ಕಾಗದವನ್ನೂ ಇಂಕಿನ ಡಬ್ಬಿಯನ್ನೂ ಮುಂದೆ ತಳ್ಳಿದ. “ಹೆಬ್ಬೆಟ್ಟು ಒತ್ತು.”

ಮುದಕಪ್ಪ ಇಂಕಿನ ಡಬ್ಬಿಯನ್ನು ನೋಡಿ ತಡೆದ. “ನಾ ಸಹಿ ಮಾಡ್ತಿದ್ದೆ ಸಾಹೇಬ್ರ,” ಎಂದ ಮೆಲ್ಲಗೆ. “ಮಗಳು ಸಾಲಿಗೆ ಹೋಗೂವಾಗ ನನಗೂ ಕಲಿಸಿದ್ಲು. ಪೂರಾ ಹೆಸರು ಬರೀತಿದ್ದೆ. ಈಗ ಕೈ ಇಲ್ಲ.” ಅಷ್ಟು ಹೊತ್ತು ಬಾಡದಿದ್ದ ಅವನ ಮುಖ ಆಗ ಬಾಡಿತು. ಎಲ್ಲ ಬೈಗುಳ ಕೇಳಿಸಿಕೊಂಡವನು ಹೆಬ್ಬೆಟ್ಟಿಗೆ ನಾಚಿದ. ಎಡಗೈಯನ್ನು ಪಂಚೆಗೆ ಒರೆಸಿಕೊಂಡು ಮುಂದೆ ಚಾಚಿದ.

“ತಡೀರಿ ಸಾರ್.”

ಮಾರಕ್ಕ ಎದ್ದು ನಿಂತಿದ್ದಳು. ತನ್ನ ದನಿ ತನಗೇ ಬೇರೆಯವರದಂತೆ ಕೇಳಿಸಿತು.

“ಆ ಕಾಗದ್ಕೆ ಒತ್ತುಸ್ಬೇಡಿ. ತೂಬು ತೆಗ್ದೋಳು ನಾನು. ನಮ್ಮೆಜಮಾನ್ರು ಮುಟ್ಬೇಡ ಅಂದಿದ್ರು, ನಾನು ಮುಟ್ದೆ. ನಮ್ಮ ಊವು ಉಳೀಲಿ ಅಂತ. ಆಮೇಲೆ ತಿರುಗ್ಲಿಲ್ಲ, ಬುಟ್ಟು ಓಡ್ಬಂದೆ. ಈ ಅಣ್ಣ ಮುಚ್ಚಕ್ಕೆ ಬಂದೋರು… ನಾನು ಎಂಟು ಸುತ್ತು ತೆಗ್ದಿದ್ದೆ, ಅವ್ರು ಆರು ಸುತ್ತು ಮುಚ್ಚವ್ರೆ. ನಾನು ಆಮೇಲೆ ನೋಡ್ದೆ, ಗೇಟು ಇನ್ನೂ ಅಂಗೇ ಐತೆ. ಓಗಿ ನೋಡಿ ಬೇಕಾದ್ರೆ.”

ವೆಂಕಟಪ್ಪ ಹೆಂಡತಿಯನ್ನು ನೋಡುತ್ತ ನಿಂತಲ್ಲೇ ನೆಲಕ್ಕೆ ಕುಸಿದು ಕೂತ. ರಾಜೇಂದ್ರ ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡ.

“ಇಷ್ಟು ದಿನ ಯಾಕೆ ಹೇಳಲಿಲ್ಲ?” ಎಂದು ಕೇಳಿದರು ಮೇಡಂ.

“ನಾಚಿಕೆಯಾಯ್ತು ಮೇಡಂ. ಮೊದ್ಲು ಭಯ ಆಯ್ತು. ಆಮೇಲೆ ಹೇಳದೆ ಇದ್ದಿದ್ಕೇ ನಾಚಿಕೆಯಾಯ್ತು. ದಿನಾ ಜಾಸ್ತಿ ಆಗ್ತಾ ಓಯ್ತು.”

ಅವಳು ಶೆಡ್ಡಿನವರ ಕಡೆ ತಿರುಗಿ ಕೈಮುಗಿದಳು. ಯಾರೂ ಮುಗಿಯಲಿಲ್ಲ, ಯಾರೂ ಬೈಯಲೂ ಇಲ್ಲ. ಪರಮಾನಂದ ಎದ್ದುಹೋಗಿ ಮುದಕಪ್ಪನ ಮುಂದೆ ನಿಂತು, ಏನು ಹೇಳಬೇಕೆಂದು ತೋಚದೆ, ಕೆಳಗೆ ಬಿದ್ದಿದ್ದ ಅವನ ಟವಲ್ಲನ್ನು ಎತ್ತಿ ಹೆಗಲ ಮೇಲೆ ಹಾಕಿದ.

ಆಮೇಲೆ ಆಗಬೇಕಾದುದೆಲ್ಲ ಆಯಿತು. ಪೊಲೀಸಿನವರು ಕೇಸು ಬರೆದುಕೊಂಡರು. ಅದು ಇನ್ನೂ ನಡೆಯುತ್ತಿದೆ. ಗೋಮಾಳದ ಪಟ್ಟಿಯಲ್ಲಿ ಹನ್ನೊಂದರ ಬದಲು ಹತ್ತು ಹೆಸರು ಉಳಿದವು. ವೆಂಕಟಪ್ಪ ಕೀಲಿಯನ್ನು ಎರಡೂ ಕೈಯಲ್ಲಿ ಹಿಡಿದು ಅಧಿಕಾರಿಗೆ ಒಪ್ಪಿಸಿ ಬಂದ. ಹೆಂಡತಿಗೆ ಅವನು ಬೈಯಲಿಲ್ಲ, ಹೊಡೆಯಲಿಲ್ಲ. ಮಾತು ಮಾತ್ರ ನಿಲ್ಲಿಸಿದ. ಹದಿನೈದು ದಿನದ ಮೇಲೆ, ಊಟಕ್ಕೆ ಕೂತಾಗ, ತಟ್ಟೆ ನೋಡುತ್ತಲೇ ಹೇಳಿದ: “ನೀನು ಸುಳ್ಳು ಹೇಳಿದ್ದು ಅವತ್ತೇ ನಂಗೆ ಗೊತ್ತಾಗ್ಬೇಕಾಗಿತ್ತು ಮಾರಿ. ಗೊತ್ತಾಯ್ತೋ ಏನೋ. ಬೇಡ ಅಂತ ನಾನೇ ಕಣ್ಣು ಮುಚ್ಕೊಂಡೆ.” ಆ ಮಾತು ಕೇಳಿ ಮಾರಕ್ಕ ಅಂದು ಅತ್ತಳು.

ರಾಜೇಂದ್ರ ಹೆಂಡತಿಯ ಕಾಲು ಹಿಡಿಯಲು ಹೋದ. ಮಹಾದೇವಿ ಕಾಲು ಹಿಂದಕ್ಕೆಳೆದುಕೊಂಡಳು. “ನೀವು ನನ್ನ ಕೇಳಿದ್ರಿ, ನಿಮ್ಮವ್ವನ್ನ ಕೇಳಲಿಲ್ಲ,” ಎಂದಷ್ಟೇ ಹೇಳಿದಳು. ಅಪ್ಪನ ಬಳಿಯೇ ಉಳಿದಳು. ಮುದಕಪ್ಪನಿಗೆ ಒಂದು ಕಟ್ಟಡದ ಕಾವಲಿನ ಕೆಲಸ ಸಿಕ್ಕಿತು. ರಾಜೇಂದ್ರ ಪಾಳಿ ಮುಗಿಸಿ ದಿನವೂ ಅವರ ಶೆಡ್ಡಿಗೆ ಹೋಗುತ್ತಿದ್ದ. ಕೊನೆಗೆ ತನ್ನ ಬಟ್ಟೆಯನ್ನೂ ಅಲ್ಲಿಗೇ ಒಯ್ದ. ಮನೆಯಲ್ಲಿ ಉಳಿದದ್ದು ಗಂಡ ಹೆಂಡತಿ ಇಬ್ಬರೇ. ಆಗಾಗ ಮಾರಕ್ಕ ಹಾಲು, ಸೊಪ್ಪು ತೆಗೆದುಕೊಂಡು ಶೆಡ್ಡಿನ ಬಾಗಿಲಿಗೆ ಹೋಗುತ್ತಿದ್ದಳು. ಮುದಕಪ್ಪ ಒಳಗೆ ಕರೆಯುತ್ತಿದ್ದ. ಅವಳು ಹೋಗುತ್ತಿರಲಿಲ್ಲ. ಒಮ್ಮೆ ಮಹಾದೇವಿ ಅವಳ ಜೊತೆ ರಸ್ತೆಯವರೆಗೆ ನಡೆದು ಬಂದಳು.

“ಅತ್ತಿ, ನಿಮ್ಮನ್ನ ಕ್ಷಮಿಸಬೇಕಂತ ಅಪ್ಪ ದಿನಾ ಹೇಳ್ತಾನ. ಮನಸ್ಸು ಮಾಡೇ ಮಾಡ್ತೀನಿ. ಆದ್ರ ಇನ್ನೂ ಆಗವಲ್ದು.”

“ಬೇಡ ಕಣವ್ವ,” ಎಂದಳು ಮಾರಕ್ಕ. “ಬಲವಂತ್ಕೆ ಮಾಡ್ಬೇಡ. ನಂಗೇ ಆಗಿಲ್ಲ.”

ಡಿಸೆಂಬರಿಗೆ ಕೆರೆಯಲ್ಲಿ ನೀರು ನಿಂತಿತು. ಅಂಗಳದ ಹೊಲಗಳೆಲ್ಲ ಮುಳುಗಿದವು. ಏರಿಯಾಚೆಯ ಗೋಮಾಳದಲ್ಲಿ ಹತ್ತು ಮನೆಯವರು ಸೇವಂತಿಗೆ ನೆಟ್ಟಿದ್ದರು. ಹೂ ಬಿಡಿಸಲು ಜನ ಬೇಕಾಯಿತು. ನಿನ್ನೆಯವರೆಗೆ ಸರಿಸಮಾನರಾಗಿದ್ದವರ ಹೊಲಕ್ಕೆ ಮಾರಕ್ಕ ಕೂಲಿಗೆ ಹೋದಳು. ಮೊದಲ ದಿನ ದಾರಿಯುದ್ದಕ್ಕೂ ತಲೆಯ ಮೇಲೆ ಸೆರಗು ಎಳೆದುಕೊಂಡಿದ್ದಳು. ಅಲ್ಲಿ ಮಹಾದೇವಿಯೂ ಬಂದಿದ್ದಳು. ಇಬ್ಬರೂ ಒಂದೇ ಸಾಲಿನ ಎರಡು ಬದಿಯಲ್ಲಿ ಬಿಡಿಸತೊಡಗಿದರು. ದಿನವೂ ಹಾಗೆಯೇ ಆಯಿತು. ಮಾತಿಲ್ಲ. ಒಬ್ಬರ ಬುಟ್ಟಿ ತುಂಬಿದರೆ ಇನ್ನೊಬ್ಬರು ಎತ್ತಿಸುವರು, ಅಷ್ಟೆ.

ಸಂಕ್ರಾಂತಿಗೆ ಮುಂಚೆ ಶೆಡ್ಡಿಗೆ ಹೊಸದಾಗಿ ಬಂದ ಹೆಂಗಸೊಬ್ಬಳು ಕೂಲಿಗೆ ಸೇರಿದಳು. ಕೊಪ್ಪಳದ ಕಡೆಯವಳು, ಇಲ್ಲಿನ ಕಥೆ ಒಂದೂ ಗೊತ್ತಿಲ್ಲದವಳು. ಎರಡು ದಿನ ನೋಡಿ, ಮೂರನೆಯ ದಿನ ಮಾರಕ್ಕನ ಎದುರಿಗೇ ಕೇಳಿದಳು.

“ಮಹಾದೇವಿ, ಈ ಮುದುಕಿ ಯಾರಬೇ? ದಿನಾ ನಿನ್ನ ಬಾಜೂನ ಬಂದು ನಿಲ್ತಾಳ, ಒಂದ ಮಾತಾಡಂಗಿಲ್ಲ.”

ಮಹಾದೇವಿಯ ಕೈ ಗಿಡದ ಮೇಲೆಯೇ ನಿಂತಿತು. ಮಾರಕ್ಕ ತಲೆ ತಗ್ಗಿಸಿದಳು. ಏನು ಹೇಳಿದರೂ ಸರಿ, ಕೇಳಿಸಿಕೊಳ್ಳಬೇಕು ಎಂದುಕೊಂಡಳು. ಸುತ್ತಲಿನ ಹೆಂಗಸರೂ ಬಿಡಿಸುವುದನ್ನು ನಿಲ್ಲಿಸಿದ್ದರು.

“ನಮ್ಮತ್ತಿ,” ಎಂದಳು ಮಹಾದೇವಿ. ಮತ್ತೆ ಹೂ ಬಿಡಿಸತೊಡಗಿದಳು.

ಮಾರಕ್ಕನಿಗೆ ಮುಂದಿನ ಗಿಡ ಕಾಣಿಸಲಿಲ್ಲ. ಕೈಯಿಂದಲೇ ತಡವಿ, ಹೂವನ್ನು ಹುಡುಕಿ ಹುಡುಕಿ ಬಿಡಿಸಿದಳು.